ನಳಿಗೆಯ ಮೇಲಿನ ಎರಡು ಬಾಣ

ಜಂತಿಗೆ ಕಟ್ಟಿದ್ದ ಹಗ್ಗ ಬಿಚ್ಚಿದ ಕೂಡಲೇ ನಾಲ್ಕು ಕಿಲೋ ಕಬ್ಬಿಣ ಮತ್ತು ಮರ ನಿಮ್ಮ ಎಡ ಮುಂಗೈ ಮೇಲೆ ಬಂದು ಕೂರುತ್ತದೆ. ಏಣಿ ಕಿರುಗುಡುತ್ತದೆ. ಅಟ್ಟದಲ್ಲಿ ಒಣ ಅಡಿಕೆಯ ಘಾಟು, ಇಲಿ ಹಿಕ್ಕೆ, ಎಷ್ಟೋ ಮಳೆಗಾಲದ ಹೊಗೆ ಕುಡಿದ ಬಿದಿರು. ಇವೆಲ್ಲದರ ನಡುವೆ ತುಕ್ಕಿನ ವಾಸನೆ, ತುಟಿ ಕಚ್ಚಿಕೊಂಡಾಗ ಬಾಯಿಗೆ ಬರುವ ರಕ್ತದ ಹಾಗೆ, ಗಂಟಲವರೆಗೆ ಇಳಿಯುತ್ತದೆ.

ಸುಳ್ಯದ ಮಂಡೆಕೋಲು. 2024ರ ಮಾರ್ಚ್ ಮುಗಿಯುತ್ತ ಬಂದಿದೆ. ಏಪ್ರಿಲ್ 26ಕ್ಕೆ ದಕ್ಷಿಣ ಕನ್ನಡದಲ್ಲಿ ಮತದಾನ. ಅದಕ್ಕೆ ಮೊದಲು ಬೆಳೆ ರಕ್ಷಣೆಯ ಕೋವಿಯನ್ನು ಠಾಣೆಯಲ್ಲಿ ಠೇವಣಿ ಇಡಬೇಕು. ಹಲಸು ಬಲಿಯುವ ಹೊತ್ತು, ಆನೆ ತೋಟಕ್ಕೆ ಇಳಿಯುವ ಹೊತ್ತು. ಕಳೆದ ವರ್ಷ ಫೆಬ್ರವರಿಯಲ್ಲಿ ಕಡಬದ ರೆಂಜಿಲಾಡಿಯಲ್ಲಿ ಒಂದೇ ಬೆಳಿಗ್ಗೆ ಕಾಡಾನೆ ಇಬ್ಬರನ್ನು ಕೊಂದಿತ್ತು. ಈ ಕೋವಿಯಿಂದ ಆನೆಯನ್ನು ಏನೂ ಮಾಡಲಾಗುವುದಿಲ್ಲ. ಆದರೂ ರಾತ್ರಿ ಅದೊಂದು ಮನೆಯಲ್ಲಿದೆ ಎಂಬ ಧೈರ್ಯವೇ ಬೇರೆ.

"ಪುಸ್ತಕದ ನಂಬ್ರ ಕೋವಿಯಲ್ಲಿ ಕಾಣಬೇಕು ಮಾರಾಯ್ರೆ" ಎಂದು ಠಾಣೆಯಿಂದ ಹೇಳಿದ್ದಾರೆ. ಅಜ್ಜ ತೀರಿಕೊಂಡ ಮೇಲೆ ನಿಮ್ಮ ಹೆಸರಿಗೆ ಬಂದ ಪರವಾನಗಿಯಲ್ಲಿ ಇರುವುದು ಇಷ್ಟೇ: ಎಸ್‌ಬಿಎಂಎಲ್, ಒಂಟಿ ನಳಿಗೆ, ಬಾಯಿಯಿಂದ ಮದ್ದು ತುಂಬುವಂಥದ್ದು. ಎಲ್ಲಿಯದು, ಯಾರು ಮಾಡಿದ್ದು ಎಂಬ ಮಾತಿಲ್ಲ. ಅದನ್ನು ಅಜ್ಜ ಬಾಯಲ್ಲಿ ಹೇಳುತ್ತಿದ್ದರು. ಬ್ರಿಟಿಷರ ವಿರುದ್ಧ ಎದ್ದ ಕಲ್ಯಾಣಪ್ಪನ ಕಾಟಕಾಯಿಯಲ್ಲಿ ನಮ್ಮ ಹಿರಿಯರು ಹಿಡಿದದ್ದು ಇದೇ ಕೋವಿ. 1837ರ ಮಾರ್ಚ್ 30ರಂದು ಬೆಳ್ಳಾರೆಯ ಖಜಾನೆ ಹಿಡಿದವರು ಏಪ್ರಿಲ್ 5ಕ್ಕೆ ಮಂಗಳೂರಲ್ಲಿ ಬಾವುಟ ಏರಿಸಿದರಲ್ಲ, ಆ ದಂಡಿನಲ್ಲಿ ಇದೂ ಇತ್ತು.

ನೀವು ಕೋವಿಯನ್ನು ಅಂಗಳಕ್ಕೆ ತರುತ್ತೀರಿ. ಬಾಯಿಯನ್ನು ತೋಟದ ಬದಿಯ ಮಣ್ಣಿನ ದರೆಗೆ ತಿರುಗಿಸುತ್ತೀರಿ. ಬಡಿಯುವ ಕುದುರೆಯ ಕೆಳಗೆ ಕಿಡಿ ಕೊಡುವ ಕೇಪು ಇಲ್ಲ. ಅಷ್ಟಕ್ಕೇ ಸಮಾಧಾನ ಪಡುವಂತಿಲ್ಲ.

ನಳಿಗೆಯ ಅಡಿಯಿಂದ ಮದ್ದು ಜಡಿಯುವ ಗಜ ಎಳೆದು ಬಾಯಿಯೊಳಗೆ ಇಳಿಸುತ್ತೀರಿ. ಮುಖ ಪಕ್ಕಕ್ಕೆ. ಗಜ ಸರಸರ ಇಳಿದು ನಿಲ್ಲುತ್ತದೆ. ಬಾಯಿಯ ಅಂಚಿಗೆ ಸರಿಯಾಗಿ ಹೆಬ್ಬೆರಳಿಟ್ಟು ಗುರುತು ಹಿಡಿದು, ಗಜವನ್ನು ಹೊರಗೆ ತೆಗೆದು, ನಳಿಗೆಯ ಮೇಲೇ ಉದ್ದಕ್ಕೆ ಇಡುತ್ತೀರಿ. ಖಾಲಿ ಕೋವಿಯಾದರೆ ಗಜದ ತುದಿ ಕೇಪು ಕೂರುವ ಜಾಗದವರೆಗೆ ಬರಬೇಕು.

ಬರುವುದಿಲ್ಲ. ನಾಲ್ಕು ಬೆರಳು ಕಡಿಮೆ.

ಇನ್ನೊಮ್ಮೆ ಇಳಿಸುತ್ತೀರಿ. ಮತ್ತೆ ನಾಲ್ಕು ಬೆರಳು. ಬೆನ್ನಹುರಿಯ ಉದ್ದಕ್ಕೂ ತಣ್ಣನೆ ಬೆವರು. ಒಳಗೆ ಮದ್ದಿದೆ, ಚರೆ ಇದೆ. ಅಜ್ಜ ಯಾವುದೋ ರಾತ್ರಿ ಹಂದಿಗೆಂದು ತುಂಬಿದ್ದಾರೆ, ಹಂದಿ ಬಂದಿಲ್ಲ, ಕೋವಿ ಅಟ್ಟ ಸೇರಿದೆ. ಕರಿಮದ್ದಿಗೆ ವಯಸ್ಸಾಗುವುದಿಲ್ಲ, ತೇವ ತಾಗದಿದ್ದರೆ ನೂರು ವರ್ಷದ ಮೇಲೂ ಹತ್ತಿಕೊಳ್ಳುತ್ತದೆ. ಹೀಗೇ ಜೀಪಿನಲ್ಲಿ ಇಟ್ಟು ಸುಳ್ಯಕ್ಕೆ ಒಯ್ಯುವುದೇ? ತಿರುಪು ಬಿಚ್ಚುವುದೇ? ಜಗಲಿಯಲ್ಲಿ ಮಗು ನಿಂತು ನೋಡುತ್ತಿದೆ. "ಒಳಗೆ ಹೋಗು!" ನಿಮ್ಮ ದನಿ ನಿಮಗೇ ಗುರುತು ಸಿಗುವುದಿಲ್ಲ. ದೀಪ ದೂರ. ಬೀಡಿ ಹಚ್ಚಿದ ಆಳು ದೂರ. ಒಂದು ಚೆಂಬು ನೀರು.

ನೀರು ಹಾಕಿದರೆ ನಳಿಗೆಗೆ ತುಕ್ಕು, ಹಾಕದಿದ್ದರೆ ಜೀವಕ್ಕೆ ಸಂಚಕಾರ. ನೀವು ಕೋವಿಯನ್ನು ಅಡಿಕೆ ಮರಕ್ಕೆ ನೆಟ್ಟಗೆ ಕಟ್ಟಿ, ಬದಿಯಲ್ಲಿ ನಿಂತು, ಕೈ ಮಾತ್ರ ಚಾಚಿ ಬಾಯಿಯೊಳಗೆ ನೀರು ಹೊಯ್ಯುತ್ತೀರಿ. ಗುಳುಗುಳು ಸದ್ದು. ಬಹಳ ಹೊತ್ತಿನ ಮೇಲೆ ಕೇಪಿನ ತೂತಿನಿಂದ ಒಂದು ಹನಿ ಇಳಿಯುತ್ತದೆ, ಕಪ್ಪಗೆ. ರಾತ್ರಿಯಿಡೀ ಅದು ಹಾಗೇ ತೊಟ್ಟಿಕ್ಕುತ್ತದೆ.

ಬೆಳಿಗ್ಗೆ ಅಜ್ಜನ ಡಬ್ಬಿಯಲ್ಲಿದ್ದ ಸುರುಳಿ ಮುಳ್ಳನ್ನು ಗಜದ ತುದಿಗೆ ತಿರುಗಿಸಿ ಒಳಗಿನದನ್ನು ಎಳೆಯುತ್ತೀರಿ. ಮೊದಲು ತೆಂಗಿನ ನಾರಿನ ಉಂಡೆ. ಆಮೇಲೆ ಸೀಸದ ಚರೆ, ಅಂಗೈ ತುಂಬ. ಕೊನೆಗೆ ಕಪ್ಪು ಕೆಸರು. ಈಗ ಗಜ ತಳ ಮುಟ್ಟುತ್ತದೆ. ಈಗ ನೀವು ಕೂರಬಹುದು.

ಮರಳು ಕಾಗದ ಮುಟ್ಟಬೇಡಿ. ಹುಣಸೆಹುಳಿಯೂ ಬೇಡ. ಕೋವಿ ಫಳಫಳ ಹೊಳೆಯುವ ಆಸೆಗೆ ಎಷ್ಟೋ ಮನೆಯವರು ಇಲ್ಲಿಯೇ ಅದರ ಹುಟ್ಟನ್ನು ಉಜ್ಜಿ ಅಳಿಸಿಬಿಟ್ಟಿದ್ದಾರೆ. ತೆಂಗಿನೆಣ್ಣೆ, ಹತ್ತಿ ಬಟ್ಟೆ, ತಾಳ್ಮೆ ಸಾಕು. ಕುದುರೆಯ ಹಿಂದಿನ ಕಬ್ಬಿಣದ ಫಲಕದ ಮೇಲೆ ಚಿಟಿಕೆ ವಿಭೂತಿ ಸವರಿ, ಟಾರ್ಚನ್ನು ಓರೆಯಾಗಿ ಹಿಡಿಯುತ್ತೀರಿ.

ಮೊದಲು ಒಂದು ಕಿರೀಟ. ಅದರ ಕೆಳಗೆ ಎರಡು ಅಕ್ಷರ: ವಿ.ಆರ್. ವಿಕ್ಟೋರಿಯಾ ರಾಣಿ. ಬಜಾರಿಗೆಂದು ಮಾಡಿದ ಕೋವಿಗಳಲ್ಲಿ ಕಿರೀಟ ಇದ್ದರೂ ಸಾಮಾನ್ಯವಾಗಿ ಈ ಅಕ್ಷರ ಇರುವುದಿಲ್ಲ. ಹಾಗಾದರೆ ಇದು ಸರ್ಕಾರಿ ಸೊತ್ತು. ಬೆರಳು ಮುಂದೆ ಸರಿಯುತ್ತದೆ. ವಿಭೂತಿ ಅಕ್ಷರದ ಗೀರಿಗೆ ಇಳಿಯುತ್ತದೆ. ಟವರ್. ಅದರ ಮೇಲೆ ಇಸವಿ. ಉಸಿರು ಬಿಗಿಹಿಡಿದು ಓದುತ್ತೀರಿ.

1859.

ಕಾಟಕಾಯಿ ಮುಗಿದು 22 ವರ್ಷವಾದ ಮೇಲೆ ಹುಟ್ಟಿದ ಕೋವಿ ಇದು. ಬೆಳ್ಳಾರೆಯನ್ನು ಇದು ಕಂಡಿಲ್ಲ. ಎದೆಯೊಳಗೆ ಏನೋ ಕಳಚಿ ಬೀಳುತ್ತದೆ. ವಿಭೂತಿ ಒರೆಸಿ, ಯಾರಿಗೂ ಹೇಳದೆ ಮತ್ತೆ ಅಟ್ಟಕ್ಕೆ ಕಟ್ಟಿಬಿಡಬಹುದು, ಕಥೆ ಉಳಿಯುತ್ತದೆ. ನೀವು ಒರೆಸುವುದಿಲ್ಲ.

ಫಲಕದ ಎರಡು ತಿರುಪು ಬಿಚ್ಚಿ ಹಗುರವಾಗಿ ಎಬ್ಬಿಸುತ್ತೀರಿ. ಒಳಗೆ ಹಳೆಯ ಎಣ್ಣೆ ಅಂಟಾಗಿ ಕೂತಿದೆ. ಒರೆಸಿದರೆ ಕಾಣುತ್ತದೆ, ಅರದ ಗೀರು, ಓರೆಕೋರೆ, ಒಬ್ಬ ಮನುಷ್ಯನ ಕೈಯ ಗೀರು. ತಿರುಪಿನ ತಲೆಯ ಮೇಲೆ, ಬಿಡಿಭಾಗದ ಅಂಚಿನಲ್ಲಿ ಒಂದೇ ಥರದ ಸಣ್ಣ ಕಚ್ಚು, ಜೋಡಿ ತಪ್ಪದಿರಲೆಂದು ಹಾಕಿದ್ದು. ಲಂಡನ್ ಹೊರಗಿನ ಎನ್‌ಫೀಲ್ಡ್ ಸರ್ಕಾರಿ ಕಾರ್ಖಾನೆ ಆಗಲೇ ಅಮೆರಿಕದಿಂದ ತಂದ ಯಂತ್ರಗಳಲ್ಲಿ ಕೋವಿ ಮಾಡುತ್ತಿತ್ತು. ಅಲ್ಲಿಯ ಒಂದು ಕೋವಿಯ ತಿರುಪು ಇನ್ನೊಂದಕ್ಕೆ ಸಲೀಸಾಗಿ ಕೂರುತ್ತಿತ್ತು. ಇದರದ್ದು ಕೂರಲಿಕ್ಕಿಲ್ಲ. ಟವರ್ ಎಂದು ಬರೆದಿದ್ದರೂ ಲಂಡನ್ನಿನ ಟವರ್ ಕೋಟೆಯಲ್ಲಿ ಹುಟ್ಟಿದ್ದಲ್ಲ. ಆ ಮುದ್ರೆಯ ಕೋವಿಗಳು ಬಹುಪಾಲು ಬರ್ಮಿಂಗ್‌ಹ್ಯಾಮಿನವು. ಅಲ್ಲಿ ಗಲ್ಲಿ ಗಲ್ಲಿಯ ಕಸುಬುದಾರರು, ಒಬ್ಬ ನಳಿಗೆ, ಒಬ್ಬ ಕುದುರೆಯ ಬೀಗ, ಒಬ್ಬ ಮರ ಎಂದು ಹಂಚಿಕೊಂಡು ಗುತ್ತಿಗೆಯಲ್ಲಿ ಮಾಡಿ ಕೊಡುತ್ತಿದ್ದರು. ಮುದ್ರೆ ಮಾತ್ರ ಸರ್ಕಾರದ್ದು.

ಇನ್ನು ನಳಿಗೆಯೊಳಗೆ. ಇಲ್ಲಿ ನಿಜವಾದ ಭಯ. ಸುರುಳಿ ಗೀರು ಕಂಡರೆ ಅದು ರೈಫಲ್. ನಿಮ್ಮ ಪುಸ್ತಕದಲ್ಲಿರುವುದು ಅದಲ್ಲ. ಬೆಳಕು ಒಳಗೆ ಜಾರುತ್ತದೆ. ಗೀರಿಲ್ಲ. ಎಲ್ಲೂ ಇಲ್ಲ. ಬಡಗಿಯ ವರ್ನಿಯರ್ ಇಟ್ಟು ಬಾಯಿಯ ಅಗಲ ನೋಡಿದರೆ ಹದಿನಾರೂವರೆ ಮಿಲಿಮೀಟರ್ ದಾಟುತ್ತದೆ. ಎನ್‌ಫೀಲ್ಡ್ ರೈಫಲಿನದ್ದು ಹದಿನೈದೂ ಇಲ್ಲ. ದೂರದ ಗುರಿಗೆ ಏರಿಸುವ ಪಟ್ಟಿಯ ಬದಲು ಹಿಂದೆ ಒಂದು ಗಟ್ಟಿ ಕಬ್ಬಿಣದ ತುಂಡು, ನಡುವೆ ಕಚ್ಚು, ಅಷ್ಟೆ.

ಇದು ಸವೆದು ನಯವಾದದ್ದಲ್ಲ. ನಯವಾಗಿಯೇ ಮಾಡಿಸಿದ್ದು. 1857ರಲ್ಲಿ ಸಿಪಾಯಿಗಳು ತಿರುಗಿಬಿದ್ದ ಮೇಲೆ ದೊರೆಗಳು ದೇಶೀ ಪಡೆಗೆ ರೈಫಲ್ ಕೊಡುವುದು ಬೇಡವೆಂದರು. ಹೊರಗಿನಿಂದ ಎನ್‌ಫೀಲ್ಡ್ ಹಾಗೆಯೇ ಕಾಣುವ, ಒಳಗೆ ಗೀರಿಲ್ಲದ ಮಸ್ಕೆಟ್ ಮಾಡಿಸಿದರು. ದೂರಕ್ಕೆ ಗುರಿ ಸಿಗದು, ಎದುರು ನಿಂತ ಗೋರಾ ಸೈನಿಕನ ರೈಫಲಿಗೆ ಸಾಟಿಯಾಗದು. ಆ ಅಪನಂಬಿಕೆ ಈಗ ನಿಮ್ಮ ತೊಡೆಯ ಮೇಲಿದೆ. ತೋರುಬೆರಳನ್ನು ಬಾಯಿಯೊಳಗೆ ಇಟ್ಟು ಸುತ್ತಲೂ ಸವರಿದರೆ ಅದು ಚರ್ಮಕ್ಕೇ ತಿಳಿಯುತ್ತದೆ. ನನ್ನ ಮಟ್ಟಿಗೆ ಇದು ಅಜ್ಜನ ಕಥೆಗಿಂತ ಸಣ್ಣದಲ್ಲ. ಬಂಡಾಯದಲ್ಲಿ ಇದ್ದದ್ದಲ್ಲ; ಬಂಡಾಯಕ್ಕೆ ಹೆದರಿದವರು ಮಾಡಿಸಿದ್ದು.

ನಳಿಗೆಯ ಬುಡದಲ್ಲಿ ಕೊನೆಯ ಗುರುತು ಸಿಗುತ್ತದೆ. ಎರಡು ಬಾಣ, ಮೊನೆಗೆ ಮೊನೆ ತಾಗಿಸಿಕೊಂಡು. ಒಂದು ಬಾಣ ಎಂದರೆ ಸರ್ಕಾರದ ಸೊತ್ತು. ಎದುರಿಗೆ ಇನ್ನೊಂದನ್ನು ಹೊಡೆದರೆ ಸೇವೆಯಿಂದ ತೆಗೆದು ಮಾರಿದ್ದು ಎಂದರ್ಥ. ಅಲ್ಲಿಂದ ಯಾರು ಕೊಂಡರು, ಯಾವ ಗಾಡಿಯಲ್ಲಿ ಬಂತು, ಕಬ್ಬಿಣ ಅದನ್ನು ಹೇಳುವುದಿಲ್ಲ. ಮರ ಸ್ವಲ್ಪ ಹೇಳುತ್ತದೆ: ಹಿಂಭಾಗ ವಿಲಾಯತಿ ವಾಲ್ನಟ್ ಅಲ್ಲ, ಊರಿನ ಬೀಟೆ. ಅದರ ಕೆಳಗೆ, ಹಿತ್ತಾಳೆ ಪಟ್ಟಿಯಲ್ಲಿ, ನೀವು ಹುಡುಕುತ್ತಿದ್ದ ಪರವಾನಗಿ ನಂಬರು, ಉಳಿಯಲ್ಲಿ ಕೊರೆದದ್ದು.

ಜೀಪು ಸುಳ್ಯದ ಕಡೆ ಹೊರಡುತ್ತದೆ. ಸುಳ್ಯದಿಂದ ಮುಂದೆ ಸಂಪಾಜೆ ದಾಟಿದರೆ ಕೊಡಗು. ಅಲ್ಲಿ ಕೊಡವರಿಗೂ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಪರವಾನಗಿಯಿಂದಲೇ ವಿನಾಯಿತಿ, ಬ್ರಿಟಿಷರ ಕಾಲದಿಂದ. 1834ರವರೆಗೆ ಸುಳ್ಯ, ಪುತ್ತೂರು ಕೂಡ ಕೊಡಗಿನ ಅರಸರ ಕೈಯಲ್ಲೇ ಇದ್ದವು. ಗಡಿ ಎಳೆದವರು ಘಟ್ಟದ ಕೆಳಗಿನವರನ್ನು ಕೆನರಾಕ್ಕೆ ಸೇರಿಸಿದರು, ಆದ್ದರಿಂದ ನೀವು ಈಗ ಸಾಲಿನಲ್ಲಿ ನಿಂತಿದ್ದೀರಿ.

ಠಾಣೆಯ ಜಗಲಿಯಲ್ಲಿ ಗೋಣಿ ಸುತ್ತಿದ ಕೋವಿಗಳು, ಬೆವರು, ಎಣ್ಣೆ. ನಂಬರು ತಾಳೆಯಾಗುತ್ತದೆ. "ಬೇರೆ ಗುರುತು ಏನಾದರೂ ಬರೆಯುದುಂಟಾ?" ಎಂದು ಪೇದೆ ಕೇಳುತ್ತಾರೆ, ರೂಢಿಯ ಮಾತಿಗೆ. ನೀವು ಹೇಳುತ್ತೀರಿ: ಟವರ್, 1859, ವಿ.ಆರ್., ನಯ ನಳಿಗೆ, ಎರಡು ಬಾಣ. ಅವರು ಒಮ್ಮೆ ಮುಖ ನೋಡಿ ಬರೆದುಕೊಳ್ಳುತ್ತಾರೆ. ಬರೆಯಲೇಬೇಕು. ವಾರಸುದಾರರಿಲ್ಲದೆ ಒಪ್ಪಿಸಿದ ಕೋವಿಗಳು ಒಂದು ದಿನ ಗುಜರಿಗೆ ಹೋಗುತ್ತವೆ. ಆಗ ಅವುಗಳ ಬಗ್ಗೆ ಈ ಸಾಲು ಬಿಟ್ಟರೆ ಏನೂ ಉಳಿಯುವುದಿಲ್ಲ.

ಹಿಂದೆ ನಿಂತವರು ಪುತ್ತೂರು ಕಡೆಯಿಂದ ಇಲ್ಲಿಗೆ ಬಂದು ನೆಲೆಸಿದವರು. ಗೋಣಿ ಬಿಚ್ಚಿ ತಮ್ಮದನ್ನು ಮುಂದೆ ಹಿಡಿಯುತ್ತಾರೆ. "ನಮ್ಮ ಬೆಡಿಯನ್ನೂ ಒಮ್ಮೆ ನೋಡಿ." ಮೊದಲು ಗಜ ಇಳಿಸಿ ನೋಡಿದ್ದೀರಾ ಎಂದು ಕೇಳುತ್ತೀರಿ. ನೋಡಿದ್ದಾರೆ, ಖಾಲಿ. ಕಿಸೆಯಿಂದ ವಿಭೂತಿ ಪೊಟ್ಟಣ ತೆಗೆದು ನೆಲಕ್ಕೆ ಮೊಣಕಾಲೂರುತ್ತೀರಿ. ಕಿರೀಟ ಉಂಟು. ಅದರ ಕೆಳಗೆ ಅಕ್ಷರ ಇಲ್ಲ. ನಳಿಗೆಯ ಬುಡದಲ್ಲಿ ಎರಡು ಕಡೆ 25 ಎಂಬ ಅಂಕೆ, ನಳಿಗೆಯ ಅಳತೆಯದ್ದು. ಇದು ಬ್ರಿಟಿಷ್ ಸೈನ್ಯಕ್ಕೆಂದು ಮಾಡಿದ್ದಲ್ಲ, ಮೊದಲಿನಿಂದಲೂ ಅಂಗಡಿಗೆಂದೇ ಮಾಡಿದ್ದು.