ಏಳಲು ತಡಮಾಡುವ ನಾಯಿಗಳು

ಜಯನಗರ 7ನೇ ಬ್ಲಾಕ್, ಬೆಳಿಗ್ಗೆ. ವರ್ಷ ತುಂಬದ ಲ್ಯಾಬ್ರಡಾರ್ ಒಂದು ಓಡುವಾಗ ಹಿಂಗಾಲೆರಡನ್ನೂ ಜೊತೆಗೇ ಎತ್ತಿಡುತ್ತದೆ, ಮೊಲದ ಹಾಗೆ. "ಅದು ಓಡೋದೇ ಹಂಗೆ ಸಾರ್, ಮುದ್ದಾಗಿರತ್ತೆ" ಎಂದ ಹಗ್ಗ ಹಿಡಿದಿದ್ದ ಹುಡುಗ. ನಾಯಿ ಡಾಕ್ಟರುಗಳು ಈ ಓಟ ಕಂಡರೆ ಮೊದಲು ಸೊಂಟ ಮುಟ್ಟಿ ನೋಡುತ್ತಾರೆ. ಒಂದೊಂದೇ ಕಾಲಿನ ಮೇಲೆ ಭಾರ ಬಿದ್ದರೆ ನೋವು, ಅದಕ್ಕೇ ಎರಡಕ್ಕೂ ಹಂಚುವ ಉಪಾಯ. ಆ ಮರಿ ಒಮ್ಮೆಯೂ ಕುಂಯ್ ಅನ್ನಲಿಲ್ಲ.

*

ಈ ಸೊಂಟದ ಕಾಯಿಲೆ ಹುಟ್ಟಿನಿಂದ ಬಂದದ್ದು, ಆದರೆ ಹುಟ್ಟುವಾಗ ಇಲ್ಲ. ನನಗೆ ಬಿಡಿಸಲಾಗದ ಮೊದಲ ಗಂಟು ಇದು.

ಮರಿ ಹುಟ್ಟಿದಾಗ ಸೊಂಟದ ಕೀಲು ಸರಿಯಾಗಿಯೇ ಇರುತ್ತದೆ. ತೊಡೆಮೂಳೆಯ ಗುಂಡಗಿನ ತಲೆ ಸೊಂಟದ ಗುಳಿಯೊಳಗೆ ಭದ್ರವಾಗಿ ಕೂತಿರುತ್ತದೆ. ಮುಂದಿನ ತಿಂಗಳುಗಳಲ್ಲಿ ಮೈತೂಕ ದಿಢೀರನೆ ಏರುವಾಗ ಕೆಲವು ಮರಿಗಳಲ್ಲಿ ಆ ಕಟ್ಟು ಸಡಿಲವಾಗುತ್ತದೆ. ತಲೆ ಅಲುಗಾಡುತ್ತದೆ, ಗುಳಿಯ ಅಂಚಿಗೆ ಉಜ್ಜುತ್ತದೆ, ಮೃದ್ವಸ್ಥಿ ಸವೆಯುತ್ತದೆ, ಗುಳಿ ತಟ್ಟೆಯಾಗುತ್ತದೆ, ಸುತ್ತ ಬೇಡದ ಎಲುಬು ಬೆಳೆಯುತ್ತದೆ. ಇದೇ ಹಿಪ್ ಡಿಸ್ಪ್ಲೇಸಿಯಾ. ಲ್ಯಾಬ್ರಡಾರ್, ಗೋಲ್ಡನ್ ರಿಟ್ರೀವರ್, ಜರ್ಮನ್ ಶೆಫರ್ಡ್, ರಾಟ್‌ವೈಲರ್, ಸೇಂಟ್ ಬರ್ನಾರ್ಡ್ ಮುಂತಾದ ದೊಡ್ಡ ತಳಿಗಳಲ್ಲಿ ಹೆಚ್ಚು. ಕಾರಣ ಒಂದೇ ಜೀನ್ ಅಲ್ಲ, ಹಲವು. ಹಾಗಾಗಿ ಒಂದೇ ಸೂಲಿನ ಮರಿಗಳಲ್ಲಿ ಒಂದು ಕುಂಟುತ್ತದೆ, ಇನ್ನೊಂದು ಹಾಯಾಗಿ ಓಡುತ್ತದೆ.

*

ಬಿಟಿಎಂ ಲೇಔಟ್. ಲಿಫ್ಟ್ ಇಲ್ಲದ ಕಟ್ಟಡದ ಮೂರನೇ ಮಹಡಿಯಿಂದ ಎರಡೂವರೆ ತಿಂಗಳ ಶೆಫರ್ಡ್ ಮರಿಯೊಂದು ಗ್ರಾನೈಟ್ ಮೆಟ್ಟಿಲು ಜಾರಿ ಜಾರಿ ಇಳಿಯುತ್ತಿತ್ತು. ನಾರ್ವೆಯಲ್ಲಿ ಲ್ಯಾಬ್ರಡಾರ್, ನ್ಯೂಫೌಂಡ್‌ಲ್ಯಾಂಡ್ ಸೇರಿ ನಾಲ್ಕು ದೊಡ್ಡ ತಳಿಗಳ ಮರಿಗಳನ್ನು ಗಮನಿಸಿದ 2012ರ ಅಧ್ಯಯನ ನೆನಪಾಯಿತು. ಮೂರು ತಿಂಗಳೊಳಗೆ ದಿನಾ ಮೆಟ್ಟಿಲು ಬಳಸಿದ ಮರಿಗಳಲ್ಲಿ ಈ ಕಾಯಿಲೆ ಹೆಚ್ಚು ಕಂಡಿತ್ತು. ಹಗ್ಗವಿಲ್ಲದೆ ಮೆತ್ತನೆಯ, ಏರುತಗ್ಗಿನ ನೆಲದಲ್ಲಿ ಆಡಿದವುಗಳಲ್ಲಿ ಕಡಿಮೆ. ನಮ್ಮ ಕಡೆ ಎರಡೂ ತಿರುವುಮುರುವು. ಮೆಟ್ಟಿಲು ಬೇಕಾದಷ್ಟಿದೆ, ಮಣ್ಣು ಇಲ್ಲ. ಮಣ್ಣಿರುವ ಎಷ್ಟೋ ಪಾರ್ಕುಗಳ ಗೇಟಿನಲ್ಲಿ ನಾಯಿಗಳಿಗೆ ಪ್ರವೇಶವಿಲ್ಲ ಎಂಬ ಬೋರ್ಡು. ಬೆಳಗಿನ ಒಂದು ಗಂಟೆ, ಒಂದು ಮೂಲೆಯನ್ನಾದರೂ ಮರಿಗಳಿಗೆ ಬಿಟ್ಟುಕೊಡಬಾರದೇ?

ಅಲ್ಲಿಯವರೆಗೆ ಮರಿಯನ್ನು ಎತ್ತಿಕೊಂಡೇ ಇಳಿಯಬೇಕು.

*

ಮನೆಯೊಳಗಿನ ನೆಲದ ಬಗ್ಗೆ. ಹಳೆಯ ಜಯನಗರದ ರೆಡ್ ಆಕ್ಸೈಡ್ ನೆಲವೂ ನುಣುಪೇ, ಈಗಿನ ವಿಟ್ರಿಫೈಡ್ ಟೈಲ್ಸ್ ಇನ್ನೂ ನುಣುಪು. ಸೊಂಟ ಸೋತ ನಾಯಿ ಏಳುವಾಗ ಹಿಂಗಾಲು ಎರಡು ಕಡೆಗೂ ಹರಡಿಕೊಳ್ಳುತ್ತದೆ. ಜೆಪಿ ನಗರದ ಒಂದು ಮನೆಯಲ್ಲಿ ನಾಯಿ ಮಲಗುವ ಜಾಗದಿಂದ ನೀರಿನ ಬಟ್ಟಲಿನವರೆಗೆ ಹಳೆಯ ಯೋಗ ಮ್ಯಾಟುಗಳನ್ನು ಸಾಲಾಗಿ ಹಾಸಿದ್ದರು. ಪಾದದ ಬೆರಳುಗಳ ನಡುವಿನ ಕೂದಲು ಕತ್ತರಿಸಿ, ಉಗುರು ಚಿಕ್ಕದಾಗಿ ಇಟ್ಟಿದ್ದರು. ಆ ನಾಯಿ ಯಾರ ಸಹಾಯವೂ ಇಲ್ಲದೆ ಎದ್ದು ಬಂದು ನನ್ನನ್ನು ಮೂಸಿತು. ಇಷ್ಟು ಅಗ್ಗದ ಉಪಾಯ ಎಲ್ಲ ಮನೆಗಳಲ್ಲೂ ಏಕಿಲ್ಲ?

*

ಬನಶಂಕರಿ ಎರಡನೇ ಹಂತ, ಸಂಜೆ. ಅಜ್ಜಿಯೊಬ್ಬರು ತಮ್ಮ ದಪ್ಪನೆಯ ಲ್ಯಾಬ್ರಡಾರ್‌ಗೆ ಅನ್ನ ಮೊಸರು ಕಲಸುತ್ತಿದ್ದಾರೆ, ಮೇಲೊಂದು ಚಮಚ ತುಪ್ಪ. "ಕಾಲಲ್ಲಿ ಶಕ್ತಿನೇ ಇಲ್ಲ ಕಣಪ್ಪ, ಪಾಪ. ತಿಂದ್ರೆ ಗಟ್ಟಿಯಾಗತ್ತೆ."

ನನ್ನನ್ನು ಬಹಳ ದಿನ ಕಾಡಿದ ಟಿಪ್ಪಣಿ ಇದೇ. ಅಮೆರಿಕದಲ್ಲಿ 48 ಲ್ಯಾಬ್ರಡಾರ್ ಮರಿಗಳನ್ನು ಒಂದೇ ಸೂಲಿನ ಜೋಡಿಗಳಾಗಿ ಸಾಕಿದರು. ಜೋಡಿಯಲ್ಲಿ ಒಂದಕ್ಕೆ ಅದರ ಒಡಹುಟ್ಟು ತಿಂದದ್ದರ ಮುಕ್ಕಾಲು ಪಾಲು ಮಾತ್ರ. ಎರಡು ವರ್ಷಕ್ಕೇ ಕಡಿಮೆ ತಿಂದವುಗಳ ಸೊಂಟ ಎದ್ದು ಕಾಣುವಷ್ಟು ಚೆನ್ನಾಗಿತ್ತು. 2002ರಲ್ಲಿ ಆಯಸ್ಸಿನ ಲೆಕ್ಕವೂ ಪ್ರಕಟವಾಯಿತು: ಕಡಿಮೆ ತಿಂದವುಗಳ ಮಧ್ಯಮ ಆಯಸ್ಸು 13 ವರ್ಷ, ಹೆಚ್ಚು ತಿಂದವುಗಳದ್ದು 11.2. ಔಷಧಿ, ಶಸ್ತ್ರಚಿಕಿತ್ಸೆ ಯಾವುದೂ ಇಲ್ಲದೆ ಸುಮಾರು ಎರಡು ವರ್ಷದ ಬದುಕು!

ಅಜ್ಜಿಗೆ ಇದನ್ನು ಹೇಗೆ ಹೇಳುವುದು? ಅವರ ಕೈತುತ್ತಿನಲ್ಲಿ ಇರುವುದು ಪ್ರೀತಿಯೇ. ಕೊನೆಗೆ ಅವರ ಕೈಯನ್ನೇ ನಾಯಿಯ ಪಕ್ಕೆಯ ಮೇಲೆ ಇಡಿಸಿದೆ. ಪಕ್ಕೆಲುಬು ಒತ್ತದೆಯೇ ಕೈಗೆ ಸಿಗಬೇಕು, ಮೇಲಿಂದ ನೋಡಿದರೆ ನಡು ಕಾಣಬೇಕು. ಎರಡೂ ಇರಲಿಲ್ಲ. ತುಪ್ಪದ ಬದಲು ಸೌತೆಕಾಯಿ ಹೋಳು, ಬೇಯಿಸಿದ ಬೀನ್ಸ್ ಕೊಡಬಹುದು ಎಂದೆ. "ಅದನ್ನ ತಿನ್ನತ್ತಾ?" ಎಂದರು. ತಿಂದಿತು.

*

ಎಕ್ಸ್‌ರೇ ಕೂಡ ಒಂದು ಒಗಟು. ಗುಳಿಯೇ ಇಲ್ಲವೆನ್ನುವಷ್ಟು ಸವೆದ ಸೊಂಟದ ನಾಯಿ ವಾಕಿಂಗಿಗೆ ಹಟ ಮಾಡುತ್ತದೆ, ಅಲ್ಪ ಬದಲಾವಣೆ ಇರುವ ನಾಯಿ ಮಲಗಿದಲ್ಲಿಂದ ಏಳುವುದಿಲ್ಲ. ಚಿತ್ರಕ್ಕೂ ನೋವಿಗೂ ತಾಳೆಯಾಗದು ಎಂದು ವೈದ್ಯರೇ ಹೇಳುತ್ತಾರೆ. ತೊಡೆಯ ಮಾಂಸಖಂಡ ಗಟ್ಟಿಯಾಗಿದ್ದರೆ ಕೀಲಿನ ಕೆಲಸವನ್ನು ಅದು ಹೊರುತ್ತದೆ. ಆದ್ದರಿಂದ ಪೂರ್ತಿ ವಿಶ್ರಾಂತಿ ಸರಿಯಲ್ಲ. ದಿನಾ ಹಲವು ಬಾರಿ ಚಿಕ್ಕ ಚಿಕ್ಕ ನಡಿಗೆ, ಸಿಕ್ಕರೆ ಈಜು. ಚೆಂಡು ಎಸೆದು ಓಡಿಸುವುದು, ಜಿಗಿಸುವುದು ಬೇಡ.

ಕುಂಟಿದ್ದೆಲ್ಲ ಸೊಂಟವೂ ಅಲ್ಲ. ಮೊಣಕಾಲಿನ ಲಿಗಮೆಂಟ್ ಹರಿದಿರಬಹುದು. ಉಣ್ಣೆ ಹುಳು ಕಚ್ಚಿ ಬರುವ ಟಿಕ್ ಫೀವರ್ ಕೂಡ ಕೀಲು ಊದಿಸುತ್ತದೆ, ಅದಕ್ಕೆ ರಕ್ತಪರೀಕ್ಷೆ ಬೇಕು.

*

ದೊಡ್ಡ ತಳಿಯ ಮರಿಗೆ ಕ್ಯಾಲ್ಸಿಯಂ ಸಿರಪ್ ಕುಡಿಸುವುದು ನಮ್ಮಲ್ಲಿ ವಾಡಿಕೆ. ಸಮತೋಲನದ ಆಹಾರ ತಿನ್ನುವ ಮರಿಗೆ ಅದು ಬೇಡ. ಹೆಚ್ಚಾದ ಕ್ಯಾಲ್ಸಿಯಂ ಎಲುಬಿನ ಬೆಳವಣಿಗೆಯನ್ನೇ ಕೆಡಿಸುತ್ತದೆ. ಕೀಲಿಗೆಂದು ಮಾರುವ ಗ್ಲೂಕೋಸಮೈನ್‌ಗಿಂತ ಮೀನೆಣ್ಣೆಯ ಒಮೆಗಾ-3ಗೆ ಪುರಾವೆ ಗಟ್ಟಿ.

*

ಮೆಡಿಕಲ್ ಸ್ಟೋರಿನಲ್ಲಿ ಒಬ್ಬರು ತಮ್ಮ ಮಂಡಿನೋವಿನ ಮಾತ್ರೆಯನ್ನೇ ನಾಯಿಗೂ ಅರ್ಧ ಕೊಡುವುದಾಗಿ ಹೇಳುತ್ತಿದ್ದರು. ಐಬುಪ್ರೊಫೆನ್, ಡೈಕ್ಲೊಫೆನಾಕ್ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡುತ್ತವೆ, ಮೂತ್ರಪಿಂಡ ಕೆಡಿಸುತ್ತವೆ. ದನಗಳಿಗೆ ಕೊಟ್ಟ ಇದೇ ಡೈಕ್ಲೊಫೆನಾಕ್ ಹೆಣ ತಿಂದ ರಣಹದ್ದುಗಳನ್ನು ಕೊಂದದ್ದರಿಂದ ಭಾರತ 2006ರಲ್ಲಿ ಪ್ರಾಣಿಗಳಿಗೆ ಅದನ್ನು ನಿಷೇಧಿಸಿತು. ಹದ್ದುಗಳಿಗೆ ಅಪಾಯವಿಲ್ಲದ್ದೆಂದು ಆಗ ಮುಂದೆ ಬಂದ ಮೆಲೋಕ್ಸಿಕಾಂ ಈಗ ನಾಯಿಗಳ ಕೀಲುನೋವಿಗೂ ಬಳಕೆಯಲ್ಲಿದೆ, ಆದರೆ ಅಳತೆ ವೈದ್ಯರದ್ದೇ ಆಗಬೇಕು. ನಮ್ಮ ಮಾತ್ರೆ ನಮಗೆ.

*

ಮರಿ ಕೊಳ್ಳುವವರು ಬಣ್ಣ, ತಲೆಯ ಗಾತ್ರ, ಬೆಲೆ, ಕೆನಲ್ ಕ್ಲಬ್ ಆಫ್ ಇಂಡಿಯಾದ (ಕೆಸಿಐ) ಪೇಪರ್ ಎಲ್ಲ ಕೇಳುತ್ತಾರೆ. ಆ ಪೇಪರ್ ವಂಶ ಹೇಳುತ್ತದೆ, ಸೊಂಟದ ಸ್ಥಿತಿ ಹೇಳುವುದಿಲ್ಲ. 2017ರ ಕೇಂದ್ರ ನಿಯಮದ ಪ್ರಕಾರ ನಾಯಿ ತಳಿ ಬೆಳೆಸುವವರು ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಬೇಕು, ಎಂಟು ವಾರ ತುಂಬದ ಮರಿಯನ್ನು ಮಾರಬಾರದು. ಅಪ್ಪ ಅಮ್ಮನ ಸೊಂಟ ಹೇಗಿದೆ ಎಂದು ಕೇಳಿದವರನ್ನು ನಾನು ಇನ್ನೂ ನೋಡಿಲ್ಲ. ನೀವು ಕೇಳಿ. ಎರಡಕ್ಕೂ ಎರಡು ವರ್ಷ ತುಂಬಿದ ಮೇಲೆ ತೆಗೆದ ಎಕ್ಸ್‌ರೇ ತೋರಿಸಿ ಎನ್ನಿ. ಇಲ್ಲ ಎಂದರೆ ಆ ಮರಿಯನ್ನು ಕೊಳ್ಳಬೇಡಿ.