ಕಯದ ದಡದಲ್ಲಿ ನೆಟ್ಟ ಕಡ್ಡಿ

ಉಪ್ಪಿನಂಗಡಿ, ನೆಲ್ಯಾಡಿ ದಾಟಿ ಶಿರಾಡಿ ಘಾಟಿಯತ್ತ ಪಯಣಿಸುವಾಗ ಗುಂಡ್ಯದಲ್ಲಿ ಚಹಾಕ್ಕೆಂದು ಇಳಿಯದವರು ನಿಮ್ಮಲ್ಲಿ ವಿರಳ. ಬಲಕ್ಕೆ ಸುಬ್ರಹ್ಮಣ್ಯದ ದಾರಿ, ಎದುರಿಗೆ ಸಕಲೇಶಪುರದ ಏರು. ವಾಹನಗಳ ಸದ್ದು ಅಡಗಿದಾಗ ಕಾಡಿನೊಳಗಿನಿಂದ ಹೊಳೆಯ ದನಿ ಕೇಳಿಸುತ್ತದೆ. ಕೆಂಪುಹೊಳೆಯೂ ಅದರ ಸಂಗಾತಿ ಹಳ್ಳಗಳೂ ಘಟ್ಟವಿಳಿದು ಗುಂಡ್ಯ ಹೊಳೆಯಾಗಿ, ಮುಂದೆ ಕುಮಾರಧಾರೆಯನ್ನು ಕೂಡಿ, ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಸೇರುತ್ತವೆ. ಬಂಡೆಗಳ ನಡುವೆ ನೀರು ತಾನೇ ಕೊರೆದುಕೊಂಡ ಆಳವಾದ ಮಡುಗಳಿವೆ. ತುಳುವಿನಲ್ಲಿ ಅದು ಕಯ, ಮಲಯಾಳದಲ್ಲಿ ಕಯಂ.

2003ರ ದಸರಾ ರಜೆಯಲ್ಲಿ ಅಂತಹ ಒಂದು ಕಯಕ್ಕೆ ನಮ್ಮ ಧರ್ಮಕೇಂದ್ರದ ಇಪ್ಪತ್ತೆರಡು ಯುವಕ ಯುವತಿಯರನ್ನು ಕರೆದೊಯ್ದಿದ್ದೆ. ಆಗ ನಾನು ಸಹಾಯಕ ಗುರು. ಉತ್ಸಾಹ ಹೆಚ್ಚು, ಅನುಭವ ಕಡಿಮೆ. ರೈಲು ಹಳಿ ಅಗಲಗೊಳಿಸುವ ಕೆಲಸಕ್ಕಾಗಿ ಘಟ್ಟದಲ್ಲಿ ರೈಲು ನಿಂತಿದ್ದ ಕಾಲ ಅದು. ಎಡಕುಮೇರಿಯ ಸುರಂಗ, ಸೇತುವೆಗಳ ಮೇಲೆ ನಡೆಯಬೇಕೆಂಬುದು ಯುವಕರ ಆಸೆಯಾಗಿತ್ತು. ಅದು ಅಪಾಯವೆಂದು ತಡೆದು, ಹೊಳೆಯೇ ಕ್ಷೇಮವೆಂದು ನಿರ್ಧರಿಸಿದವನು ನಾನೇ!

ಕಯದ ಪಕ್ಕದ ತೋಟ ನಮ್ಮವರೇ ಆದ ಒಬ್ಬ ಹಿರಿಯರದು. ಬಾಲ್ಯದಲ್ಲಿ ತಂದೆಯ ಕೈಹಿಡಿದು ತಿರುವಾಂಕೂರಿನಿಂದ ಬಂದವರು. ಮಕ್ಕಳು ನೀರಿಗಿಳಿಯುತ್ತಿದ್ದಂತೆ ಅವರು ನೀರಿನ ಅಂಚಿನಿಂದ ಒಂದು ಗೇಣು ಮೇಲೆ, ಮರಳಿನಲ್ಲಿ ಕಡ್ಡಿಯೊಂದನ್ನು ನೆಟ್ಟು ಅದರ ಬಳಿಯೇ ಕುಳಿತರು. ನಾನು ಊಟದ ಪೊಟ್ಟಣ ಎಣಿಸುತ್ತಿದ್ದೆ. ಸುಮಾರು ಮೂರು ಗಂಟೆಗೆ ಅವರ ಕೂಗು ಕೇಳಿಸಿತು.

"ಅಚ್ಚಾ, ಮಕ್ಕಳನ್ನು ಮೇಲೆ ಕರೆಯಿರಿ. ಕಡ್ಡಿಯ ಬುಡ ಒದ್ದೆಯಾಯಿತು."

"ಆಕಾಶ ಶುಭ್ರವಾಗಿದೆಯಲ್ಲ ಅಪ್ಪಚ್ಚಾ, ಮಳೆಯೆಲ್ಲಿ?"

"ಇಲ್ಲಿ ಇಲ್ಲ. ಮೇಲೆ ಬಂದಿದೆ."

ನಾನು ನಕ್ಕೆ. ಆ ನಗುವಿನಲ್ಲಿ ಕಳೆದ ಎರಡು ನಿಮಿಷಗಳಿಗಾಗಿ ಇಂದಿಗೂ ನಾಚುತ್ತೇನೆ. ಅವರು ನನ್ನ ಅಪ್ಪಣೆಗೆ ಕಾಯದೆ ಮಕ್ಕಳನ್ನು ಗದರಿಸಿ ಎಬ್ಬಿಸಿದರು. ದಡದಲ್ಲಿ ತಲೆ ಎಣಿಸಿದೆ: ಇಪ್ಪತ್ತೊಂದು. ಮತ್ತೆ ಎಣಿಸಿದೆ: ಇಪ್ಪತ್ತೊಂದು. ಚಪ್ಪಲಿ ತರಲು ನಡುಬಂಡೆಗೆ ಮರಳಿದ್ದ ಹುಡುಗನನ್ನು ಆ ವೃದ್ಧರು ತೋಳು ಹಿಡಿದು ಎಳೆದು ತಂದಾಗ ತರಗೆಲೆ, ಕಸಕಡ್ಡಿ ಹೊತ್ತ ಕೆಂಪು ನೀರು ಅವರ ಮೊಣಕಾಲು ಮುಟ್ಟಿತ್ತು. ಹತ್ತು ನಿಮಿಷದಲ್ಲಿ ನಡುಬಂಡೆ ಕಾಣಿಸಲಿಲ್ಲ. ನಮ್ಮ ಮೇಲೆ ಅದೇ ಬಿಸಿಲು!

ಘಟ್ಟದ ಹೊಳೆಯ ಸ್ವಭಾವವೇ ಹಾಗೆ. ಸಕಲೇಶಪುರದ ಅಂಚಿನಲ್ಲಿ ಗುಡುಗು ಮಳೆ ಸುರಿದರೆ ಕಡಿದಾದ ಇಳಿಜಾರಿನಲ್ಲಿ ನೀರಿಗೆ ನಿಲ್ಲಲು ತಾವಿಲ್ಲ. ಕಿರಿದಾದ ಕಣಿವೆಯಲ್ಲಿ ಅದು ಒಮ್ಮೆಲೇ ಏರುತ್ತದೆ. ಕೆಳಗೆ ಈಜುವವನು ನೋಡುವುದು ತನ್ನ ನೆತ್ತಿಯ ಆಕಾಶವನ್ನು ಮಾತ್ರ.

ನಾನೂ ಹಾಗೆಯೇ ನೋಡಿದವನು. 2013ರಲ್ಲಿ ಕಸ್ತೂರಿರಂಗನ್ ವರದಿ ಬಂದಾಗ ನಮ್ಮ ಜನರೊಂದಿಗೆ ವಿರೋಧದ ಮೆರವಣಿಗೆಯಲ್ಲಿ ನಡೆದೆ. ಅಡಿಕೆ, ರಬ್ಬರು ನೆಟ್ಟು ಬದುಕು ಕಟ್ಟಿದವರ ಭಯ ಸುಳ್ಳಲ್ಲ. ಅವರೊಡನೆ ನಡೆದುದಕ್ಕೆ ನನಗೆ ಪಶ್ಚಾತ್ತಾಪವಿಲ್ಲ. ಆದರೆ ಅಂದು ನಾನು ಆ ವರದಿಯ ಒಂದು ಪುಟವನ್ನೂ ಓದಿರಲಿಲ್ಲ. ಗುಂಡ್ಯದ 200 ಮೆಗಾವಾಟ್ ಜಲವಿದ್ಯುತ್ ಯೋಜನೆಗೆ ಅನುಮತಿ ಕೊಡಬಾರದೆಂದು ಮಾಧವ ಗಾಡ್ಗೀಳರ ಸಮಿತಿ 2011ರಲ್ಲೇ ಹೇಳಿತ್ತೆಂಬುದು ನನಗೆ ತಿಳಿದದ್ದು ಬಹಳ ತಡವಾಗಿ. ಗುಂಡ್ಯದ ಹೆಸರನ್ನೇ ಹೊತ್ತ ಕಪ್ಪೆಯೊಂದು ಈ ಕಾಡಿನಲ್ಲಿದೆಯೆಂಬುದೂ ಹಾಗೆಯೇ. ಅದರ ಗೊದಮೊಟ್ಟೆಗಳು ಬೆಳೆಯುವುದು ಮಡುವಿನಲ್ಲಲ್ಲ, ಬಂಡೆಯ ಮೇಲೆ ಹರಿಯುವ ತೆಳುನೀರಿನಲ್ಲಿ.

ಈಗ ಹೊಳೆಯ ತಲೆಯಲ್ಲೇ ಎತ್ತಿನಹೊಳೆ ಯೋಜನೆ ಇದೆ. ಮಳೆಗಾಲದಲ್ಲಿ 24.01 ಟಿಎಂಸಿ ನೀರನ್ನು ಪೂರ್ವಕ್ಕೆ ತಿರುಗಿಸುವ ಇದರ ಮೊದಲ ಹಂತ 2024ರ ಸೆಪ್ಟೆಂಬರ್ 6ರಂದು ಉದ್ಘಾಟನೆಗೊಂಡಿತು. ಗುರುಮಠದಲ್ಲಿ ನನ್ನ ಸಹಪಾಠಿಯಾಗಿದ್ದ ಗುರುವೊಬ್ಬರು ಕೋಲಾರದ ಕಡೆ ಸೇವೆಯಲ್ಲಿದ್ದಾರೆ. ನಾನು ಗೊಣಗಿದಾಗ ಅವರು, "ಫ್ಲೋರೈಡ್ ನೀರು ಕುಡಿದು ಹಲ್ಲು ಕಂದಿದ ನಮ್ಮ ಮಕ್ಕಳನ್ನು ಒಮ್ಮೆ ಬಂದು ನೋಡಿ, ಅನಂತರ ಹೊಳೆಯ ಮಾತು ಆಡೋಣ" ಎಂದರು. ನನ್ನಲ್ಲಿ ಉತ್ತರವಿರಲಿಲ್ಲ. ಇಂದಿಗೂ ಪೂರ್ಣ ಉತ್ತರವಿಲ್ಲ. ಹೋಗಿ ನೋಡುವೆನೆಂದು ಮಾತು ಕೊಟ್ಟಿದ್ದೇನೆ.

ಕಳೆದ ವರ್ಷ ದಸರಾ ಹೊತ್ತಿಗೆ ಮತ್ತೆ ಆ ಕಯಕ್ಕೆ ಹೋದೆ. ಅಪ್ಪಚ್ಚನ್ ಈಗಿಲ್ಲ, ಮಗ ಜೊತೆಗೆ ಬಂದರು. ತೋಟದ ಆಚೆ ಮೀಸಲು ಅರಣ್ಯ, ಅನುಮತಿಯಿಲ್ಲದೆ ಪ್ರವೇಶವಿಲ್ಲ. ಈಚೆ ದಡದಲ್ಲಿ ದೂರದ ಊರಿನ ನಾಲ್ವರು ಯುವಕರು ಆಗಲೇ ನೀರಿನಲ್ಲಿದ್ದರು. ಹೊರಬನ್ನಿ ಎನ್ನಲು ನನಗೇನು ಅಧಿಕಾರ? ಒಂದು ಕಡ್ಡಿ ಮುರಿದು ನೀರಿನ ಅಂಚಿನಿಂದ ಗೇಣು ಮೇಲೆ ನೆಟ್ಟು ಕುಳಿತೆ.

"ಅದೇನು ಅಂಕಲ್?" ಎಂದು ಒಬ್ಬ ಕೇಳಿದ.

"ಬಾ ಮಗಾ, ಹೇಳುತ್ತೇನೆ" ಎಂದೆ. ಅವನು ಈಜುತ್ತಾ ದಡಕ್ಕೆ ಬಂದ.