ಅಡಿ, ಮೀಟರು ಮತ್ತು ನಮ್ಮ ಕೃಷ್ಣೆ

ಮಳೆಗಾಲ ಬಂತೆಂದರೆ ಸಾಂಗ್ಲಿ, ಮಿರಜದವರ ಬೆಳಗಿನ ಮೊದಲ ಪ್ರಶ್ನೆ ಒಂದೇ: ಆಯರ್ವಿನ್ ಸೇತುವೆಗೆ ಎಷ್ಟು ಅಡಿ? 1929ರಲ್ಲಿ ತೆರೆದ ಆ ಸೇತುವೆಯ ಅಳತೆಪಟ್ಟಿಯೇ ನಮಗೆ ಪಂಚಾಂಗ. 40 ಅಡಿಗೆ ಎಚ್ಚರಿಕೆ, 45ಕ್ಕೆ ಅಪಾಯ. 2005ರಲ್ಲಿ ನೀರು 53 ದಾಟಿತ್ತು, 2019ರ ಆಗಸ್ಟಿನಲ್ಲಿ 57 ದಾಟಿತು. ಆಗಲೇ ಪಲೂಸ ತಾಲೂಕಿನ ಬ್ರಹ್ಮನಾಳದಲ್ಲಿ ಜನರನ್ನು ಸಾಗಿಸುತ್ತಿದ್ದ ದೋಣಿ ಮಗುಚಿದ್ದು. ಆ ಮಾತು ಬಂದರೆ ಈಗಲೂ ತರಗತಿ ಸುಮ್ಮನಾಗುತ್ತದೆ.

ನನ್ನ ತರಗತಿಯಲ್ಲಿ ಅರ್ಧ ಮಕ್ಕಳು ಪೂರ ಕಂಡವರು. ಇನ್ನರ್ಧ ಜತ್ತ ಕಡೆಯವರು, ಟ್ಯಾಂಕರ್ ಕಂಡವರು! ಒಂದೇ ಜಿಲ್ಲೆ ನೋಡಿ. ಕಳೆದ ವರ್ಷ ಒಬ್ಬ ಹುಡುಗಿ ಕೇಳಿದಳು: "ಸರ್, ಟೀವಿಯಾಗ ಆಲಮಟ್ಟಿ 519 ಮೀಟರ್ ಅಂತಾರ್ರೀ. ನಮ್ಮದು ಬರೇ 45 ಅಡಿ. ಅದು ಅಷ್ಟು ಆಳ ಐತೇನ್ರೀ?"

ಒಳ್ಳೆ ಪ್ರಶ್ನೆ. ದೊಡ್ಡವರೂ ಇಲ್ಲೇ ಎಡವುತ್ತಾರೆ. ಆಲಮಟ್ಟಿಯ 519.60 ಮೀಟರು ಸಮುದ್ರ ಮಟ್ಟದಿಂದ ಎಣಿಸಿದ್ದು, ಆಳವಲ್ಲ. ಆಯರ್ವಿನ್‌ನ 45 ಅಡಿ ಅದೇ ಪಟ್ಟಿಯ ಸೊನ್ನೆಯಿಂದ ಎಣಿಸಿದ್ದು. ಸೊನ್ನೆಯೇ ಬೇರೆ ಬೇರೆ ಇದ್ದಾಗ ಎರಡನ್ನೂ ಪಕ್ಕಪಕ್ಕ ಇಟ್ಟು ಜಗಳಾಡಿ ಏನು ಪ್ರಯೋಜನ?

ಅಂದು ಮಕ್ಕಳಿಗೆ ಕ್ಯಾಲಿಫೋರ್ನಿಯಾದ ಕಥೆ ಹೇಳಿದೆ. ಅಲ್ಲಿ ಕಡಲೊಳಗೆ ಕೆಲ್ಪ್ ಎಂಬ ಪಾಚಿಯ ಕಾಡಿದೆ, ತೆಂಗಿನ ಮರಕ್ಕಿಂತ ಎತ್ತರ. ರೀಫ್ ಚೆಕ್ ಎಂಬ ಸಂಸ್ಥೆಯ ಸ್ವಯಂಸೇವಕರು ಮುಳುಗಿ ಅದನ್ನು ಎಣಿಸುತ್ತಾರೆ. ಯಾರೇ ಮುಳುಗಲಿ, ಎಲ್ಲೇ ಮುಳುಗಲಿ, 30 ಮೀಟರ್ ಉದ್ದ, 2 ಮೀಟರ್ ಅಗಲದ ಪಟ್ಟಿಯೊಳಗೇ ಎಣಿಕೆ. ಸರಕಾರದ ಮುಳುಗುಗಾರರೂ ತಮ್ಮ ಲೆಕ್ಕ ಇಡುತ್ತಾರೆ. 2013ರಿಂದ ನಕ್ಷತ್ರಮೀನುಗಳು ರೋಗದಿಂದ ಸತ್ತವು, ಕಡಲು ಕಾದಿತು, ಮುಳ್ಳುಚೆಂಡಿನಂಥ ಅರ್ಚಿನ್‌ಗಳು ಹೆಚ್ಚಿ ಪಾಚಿಯನ್ನೆಲ್ಲ ಮೇಯ್ದವು. ಉತ್ತರ ಭಾಗದಲ್ಲಿ ಶೇ. 90ಕ್ಕೂ ಹೆಚ್ಚು ಕಾಡು ಹೋಯಿತು. ಪಾಚಿ ತಿಂದು ಬದುಕುವ ಅಬಲೋನ್ ಎಂಬ ಚಿಪ್ಪುಜೀವಿ ಹಸಿವಿನಿಂದ ಸಾಯುತ್ತಿದೆ ಎಂದು ಎಣಿಕೆಯಲ್ಲಿ ಕಂಡದ್ದಕ್ಕೆ 2018ರಿಂದ ಅದರ ಬೇಟೆಯನ್ನೇ ನಿಲ್ಲಿಸಿದರು. ಹಿಡಿಯುವವರಿಗೆ ಸಿಟ್ಟು ಬಂದಿರಬೇಕು, ಬಿಡಿ. ಆದರೆ ಲೆಕ್ಕ ಎದುರಿಗಿತ್ತು.

ನಮ್ಮಲ್ಲಿ? ಪೂರ ಬಂದಾಗೆಲ್ಲ ಇಲ್ಲಿನವರು ಆಲಮಟ್ಟಿಗೆ ಬೈಯುತ್ತಾರೆ, ಆಚೆಯವರು ಕೊಯ್ನಾಕ್ಕೆ. 2019ರ ಪೂರಕ್ಕೆ ಆಲಮಟ್ಟಿ ಕಾರಣವಲ್ಲ ಎಂದು ಮಹಾರಾಷ್ಟ್ರ ಸರಕಾರವೇ ನೇಮಿಸಿದ ವಡನೇರೆ ಸಮಿತಿ 2020ರಲ್ಲಿ ಹೇಳಿತು. ವಾದ ಮಾತ್ರ ನಿಂತಿಲ್ಲ, ಆಲಮಟ್ಟಿಯನ್ನು 524.256 ಮೀಟರಿಗೆ ಏರಿಸುವ ಮಾತು ಬಂದಾಗೆಲ್ಲ ಮತ್ತೆ ಏಳುತ್ತದೆ. 2021ರ ಜೂನ್‌ನಲ್ಲಿ ಜಯಂತ ಪಾಟೀಲರು ಬೆಂಗಳೂರಿಗೆ ಹೋಗಿ ಯಡಿಯೂರಪ್ಪನವರ ಜೊತೆ ಕೂತು ಮಾತಾಡಿದ್ದು ನನಗೆ ಭಾಷಣಗಳಿಗಿಂತ ದೊಡ್ಡದಾಗಿ ಕಂಡಿತು. ಕೊಯ್ನಾದಿಂದ ಬಿಟ್ಟಿದ್ದೆಷ್ಟು, ರಾಜಾಪುರ ಬಂಧಾರೆ ದಾಟಿದ್ದೆಷ್ಟು, ಆಲಮಟ್ಟಿಯಿಂದ ಹೊರಗೆ ಹೋದದ್ದೆಷ್ಟು, ಇದು ಎರಡೂ ಕಡೆಗೆ ಆಗಿಂದಾಗಲೇ ಗೊತ್ತಾಗಬೇಕು.

ಈಗ ನಮ್ಮ ತರಗತಿಯ ಗೋಡೆಗೆ ಒಂದು ತಖ್ತೆ ಇದೆ. ಒಂದು ಸಾಲು ಆಯರ್ವಿನ್‌ಗೆ, ಒಂದು ಆಲಮಟ್ಟಿಗೆ. ಮರಾಠಿ ಪತ್ರಿಕೆ ಒಬ್ಬ ಓದುತ್ತಾನೆ, ಕನ್ನಡ ಪತ್ರಿಕೆ ಇನ್ನೊಬ್ಬಳು. ಮೊನ್ನೆ ಜತ್ತ ಕಡೆಯ ಹುಡುಗನೊಬ್ಬ ಕೇಳದೆಯೇ ಮೂರನೇ ಸಾಲು ಎಳೆದ: ಮ್ಹೈಸಾಳದ ಪಂಪು ಚಾಲೂನೋ, ಬಂದೋ.